ಗೋಪುರ ಬೇಡ, ಮೊದಲು ಮೀನಿನವರ ಜೊತೆ ಕೂತು ಮಾತಾಡಿ

ಪ್ರಶ್ನೆ: ನಮ್ಮೂರ ಕೆರೆಯಂಗಳದ ಜಾಲಿ ಮರಗಳಲ್ಲಿ ಆರೇಳು ವರ್ಷಗಳಿಂದ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತಿವೆ. ಕೆಲವರು ಸೌದೆಗೆ ಮರ ಕಡಿಯುತ್ತಾರೆ. ಮೀನಿನ ಗುತ್ತಿಗೆ ಹಿಡಿದವರು ಪಟಾಕಿ ಹೊಡೆದು ಹಕ್ಕಿ ಓಡಿಸುತ್ತಾರೆ. ನಾವು ಎಂಟು ಜನ ಗೆಳೆಯರು ವೀಕ್ಷಣಾ ಗೋಪುರ, ತಂತಿ ಬೇಲಿ, ಬೋರ್ಡು ಅಂತ 5 ಲಕ್ಷದ ಅಂದಾಜು ಹಾಕಿದ್ದೇವೆ. ಅನುದಾನಕ್ಕೆ ಯಾರನ್ನು ಕೇಳಬೇಕು? ಕಂಪನಿಗಳು ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೊಡುತ್ತವಂತಲ್ಲ?
– ಹಾವೇರಿ ಜಿಲ್ಲೆಯ ಓದುಗ

ಉತ್ತರ: ತಮ್ಮಾ, ಗೋಪುರದ ಆಸೆ ಬಿಟ್ಟುಬಿಡಿ. ನಾನು 19 ವರ್ಷ ಒಂದು ಸಣ್ಣ ಪರಿಸರ ಸಂಸ್ಥೆಯ ಲೆಕ್ಕ ಬರೆದವಳು. ನೋಡಿದ ಅರ್ಜಿಗಳಲ್ಲಿ ಅರ್ಧಕ್ಕರ್ಧ ಗೋಪುರವೇ. ಹತ್ತಿದವರು ಸೆಲ್ಫಿ ತೆಗೆದುಕೊಂಡು ಇಳಿಯುತ್ತಾರೆ. ಕೊಕ್ಕರೆಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಸಿಎಸ್‌ಆರ್ ವಿಷಯ ಮೊದಲು ಮುಗಿಸೋಣ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಪಟ್ಟಿಯಲ್ಲಿ ಪ್ರಾಣಿ, ಗಿಡಮರಗಳ ರಕ್ಷಣೆಯೂ ಇದೆ. ಆದರೆ ಹಣ ಪಡೆಯುವ ಸಂಘ ನೋಂದಣಿಯಾಗಿರಬೇಕು, ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಇರಬೇಕು, ಮೂರು ವರ್ಷ ಕೆಲಸ ಮಾಡಿರಬೇಕು, ಮೇಲಿಂದ ಕೇಂದ್ರ ಸರ್ಕಾರದಲ್ಲಿ ಹೆಸರು ನೋಂದಾಯಿಸುವ ಸಿಎಸ್‌ಆರ್-1 ಅರ್ಜಿ ಬೇರೆ. ಏಳು ಜನ ಇದ್ದರೆ ಸಂಘ ನೋಂದಾಯಿಸಬಹುದು, ನೀವು ಎಂಟು ಜನ ಇದ್ದೀರಿ. ಈ ತಿಂಗಳೇ ಮಾಡಿಸಿ. ಮೂರು ವರ್ಷದ ಲೆಕ್ಕ ಇವತ್ತಿಂದ ಶುರುವಾಗುತ್ತದೆ, ಅಲ್ವಾ?

ಅಲ್ಲಿವರೆಗೆ ಏನು ಮಾಡೋದು? ಪಂಚಾಯಿತಿಗೆ ಹೋಗಿ, "ನಮ್ಮಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆಯಾ?" ಅಂತ ಪಿಡಿಒ ಅವರನ್ನು ಕೇಳಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಇರಲೇಬೇಕು. ಬಹಳ ಕಡೆ ಅದು ಕಾಗದದ ಮೇಲಷ್ಟೇ ಇರುತ್ತದೆ, ಸದಸ್ಯರಿಗೇ ತಾವು ಸದಸ್ಯರು ಅಂತ ಗೊತ್ತಿರುವುದಿಲ್ಲ. ಇದ್ದರೆ ಸಭೆ ಕರೆಸಿ ಕೊಕ್ಕರೆಗಳ ವಿಷಯ ನಡಾವಳಿಯಲ್ಲಿ ಬರೆಸಿ. ಕೆರೆ ಯಾರದ್ದು ಅಂತಲೂ ಅಲ್ಲೇ ತಿಳಿದುಕೊಳ್ಳಿ. ಅಚ್ಚುಕಟ್ಟು (ಕೆರೆ ನೀರು ಹರಿಯುವ ಜಮೀನು) 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು. ಯಾರದೋ ಕೆರೆಗೆ ನೀವು ಬೇಲಿ ಹಾಕಲಿಕ್ಕೆ ಆಗುವುದಿಲ್ಲ.

ಈಗ ನಿಜವಾದ ಮಾತಿಗೆ ಬರೋಣ. ನಿಮ್ಮ ಪತ್ರದಲ್ಲಿ ಪಟಾಕಿ ಹೊಡೆಯುವವರ ಬಗ್ಗೆ ಒಂದೇ ಸಾಲು ಇದೆ. 5 ಲಕ್ಷದಲ್ಲಿ ಅವರಿಗೆ ಒಂದು ಪೈಸೆಯೂ ಇಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ನಾನು ಹೋಗಿದ್ದೆ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಊರೊಳಗೇ, ಮನೆಗಳ ಪಕ್ಕದ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಎಲೆ ಮೇಲೆಲ್ಲ ಸುಣ್ಣ ಎರಚಿದ ಹಾಗೆ ಹಿಕ್ಕೆ. ಕೆಳಗೆ ನಿಂತರೆ ಕೊಳೆತ ಮೀನಿನ ವಾಸನೆ. ನಾನು ಸೆರಗು ಮೂಗಿಗೆ ಹಿಡಿದರೆ ಪಕ್ಕದ ಜಗುಲಿಯ ಅಜ್ಜಿ ಆರಾಮಾಗಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು! ಹಕ್ಕಿ ಕೂತ ಮರದಲ್ಲಿ ಹುಣಸೆ ಫಸಲು ಕೈಗೆ ಹತ್ತುವುದಿಲ್ಲ. ಹಾಗಾಗಿ ಅರಣ್ಯ ಇಲಾಖೆ ಮರದ ಯಜಮಾನರಿಗೆ ಪರಿಹಾರ ಕೊಡುತ್ತಾ ಬಂದಿದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಹಕ್ಕಿಯಿಂದ ಯಾರಿಗೆ ನಷ್ಟವೋ ಅವರ ಕೈಗೆ ಹಣ ಹೋಯಿತು, ಗಮನಿಸಿ.

ನಿಮ್ಮೂರಲ್ಲಿ ನಷ್ಟ ಯಾರಿಗೆ? ಮೀನಿನವರಿಗೆ, ಸೌದೆ ಒಯ್ಯುವ ಹೆಂಗಸರಿಗೆ. ಅವರ ಜೊತೆ ಕೂತು ಚಹಾ ಕುಡಿಯಿರಿ. ಒಂದು ಹಂಗಾಮಿಗೆ ಎಷ್ಟು ಮೀನು ಹೋಗುತ್ತದೆ, ಗೂಡಿನ ನಾಲ್ಕೈದು ತಿಂಗಳು ಮಾತ್ರ ಪಟಾಕಿ ನಿಲ್ಲಿಸಲು ಏನು ಬೇಕು, ಕೇಳಿ. ಅದೇ ನಿಮ್ಮ ಅರ್ಜಿ. ನನ್ನ ಅಂದಾಜಿನಲ್ಲಿ 5 ಲಕ್ಷ ಬೇಕಾಗುವುದಿಲ್ಲ.

ಜೊತೆಗೆ ಒಂದು 100 ಪುಟದ ನೋಟ್‌ಬುಕ್ ತನ್ನಿ. ಪ್ರತಿ ಭಾನುವಾರ ತಾರೀಖು, ಎಷ್ಟು ಗೂಡು, ಎಷ್ಟು ಮರಿ, ಯಾವ ಮರ ಕಡಿದರು, ಅಷ್ಟೇ ಬರೆಯಿರಿ. ನಮ್ಮ ಸಂಸ್ಥೆಯ 14 ಪುಟದ ಮೊದಲ ಅರ್ಜಿ ವಾಪಸ್ ಬಂದಿತ್ತು. ಎರಡನೇ ಸಲ ಊರಿನ ಚಹಾದಂಗಡಿಯವರು ಗೀಚಿಟ್ಟಿದ್ದ ಮೂರು ವರ್ಷದ ಹಕ್ಕಿ ಲೆಕ್ಕದ ಜೆರಾಕ್ಸ್ ಹಚ್ಚಿ ನಾಲ್ಕೇ ಪುಟ ಕಳಿಸಿದೆವು. ಮಂಜೂರಾಯಿತು.

ಹಣ ಬಂದ ಮೇಲಿನ ಪಜೀತಿಯೂ ಹೇಳಿಬಿಡುತ್ತೇನೆ. ಗೂಡು ಎಣಿಸಲು ಹರಿಗೋಲು ಬಾಡಿಗೆಗೆ ತಗೊಂಡಿದ್ದೆವು, 2,400 ರೂಪಾಯಿ. ಹರಿಗೋಲಿನವರ ಹತ್ರ ಬಿಲ್ ಬುಕ್ ಎಲ್ಲಿರುತ್ತದೆ? ನಾನೂ ಸುಮ್ನೆ ಬಿಟ್ಟೆ. ಆಡಿಟರ್ ಒಪ್ಪಲಿಲ್ಲ, ಯುಸಿ (ಹಣ ಬಳಕೆ ಪ್ರಮಾಣಪತ್ರ) ತಡವಾಯಿತು, ಎರಡನೇ ಕಂತು ನಾಲ್ಕು ತಿಂಗಳು ನಿಂತಿತು. ಕಾವಲುಗಾರರಿಗೆ ಸಂಬಳ ಕೊಡಲು ನನ್ನ ಬಳೆ ಅಡವಿಟ್ಟದ್ದು ನಮ್ಮ ಮನೆಯವರಿಗೆ ಇನ್ನೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ. ಬಿಲ್ ಇಲ್ಲದ ಕಡೆ ವೋಚರ್ ಬರೆದು, ಸಹಿಯೋ ಹೆಬ್ಬೆಟ್ಟೋ ಅವತ್ತೇ ಹಾಕಿಸಿಕೊಳ್ಳಿ.

ಒಂದು ದಿನ ಬಿಡುವು ಮಾಡಿಕೊಂಡು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿ ಬನ್ನಿ. ಅದೂ ನೀರಾವರಿಗೆ ಕಟ್ಟಿದ ಕೆರೆಯೇ, ಅಲ್ಲೂ ಜಾಲಿ ಮರಗಳೇ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು, 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಮೀನಿನವರನ್ನೂ ಕರೆದುಕೊಂಡು ಹೋಗಿ, ಬಸ್ ಚಾರ್ಜ್ ನೀವೇ ಕೊಡಿ.

ಪ್ರಶ್ನೆ: ತವರಿನ ದೇವರಕಾಡು ಕಾಯುವ ಯುವಕ ಸಂಘಕ್ಕೆ 1,000 ಡಾಲರ್ ಕಳಿಸಬೇಕೆಂದಿದ್ದೇನೆ. ನೇರವಾಗಿ ಅವರ ಖಾತೆಗೆ ಹಾಕಬಹುದೇ?
– ನ್ಯೂಜೆರ್ಸಿಯ ಓದುಗರು

ಉತ್ತರ: ನಿಮ್ಮ ಪಾಸ್‌ಪೋರ್ಟ್ ಯಾವುದು ತಾಯಿ? ಭಾರತದ್ದೇ ಆಗಿದ್ದರೆ ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಅದು ವಿದೇಶಿ ದೇಣಿಗೆ ಅಂತ ಆಗುವುದಿಲ್ಲ. ಪಾಸ್‌ಪೋರ್ಟ್‌ನ ಪ್ರತಿ ಸಂಘದ ಕಡತದಲ್ಲಿ ಇರಲಿ. ಅಮೆರಿಕದ ಪೌರತ್ವ ಪಡೆದಿದ್ದರೆ, ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ಹಣವೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇರುವ ಬೇರೆ ಸಂಸ್ಥೆಗೆ ಕೊಟ್ಟು ಇವರಿಗೆ ದಾಟಿಸಲೂ 2020ರ ತಿದ್ದುಪಡಿ ಬಿಡುವುದಿಲ್ಲ. ತಂಗಿಯ ಖಾತೆಗೆ ಹಾಕಿ ಅವರಿಂದ ಕೊಡಿಸುವ ಜಾಣತನವೂ ಬೇಡ, ಕೇಸು ಬೀಳುವುದು ಊರಿನ ಹುಡುಗರ ಮೇಲೆ. ಊರಿಗೆ ಬಂದಾಗ ಅವರ ಜೊತೆ ಒಂದು ವಾರ ಕಾಡು ಸುತ್ತಿ, ಅದಕ್ಕೆ ಯಾವ ಫಾರಂ ಕೂಡ ಬೇಕಿಲ್ಲ.