ರೂಟ್ ಕೆನಾಲ್‌ಗೆ ಹಾಕುವ ಬಯೋಸೆರಾಮಿಕ್ ಸಿಮೆಂಟ್ ಒದ್ದೆ ಜಾಗದಲ್ಲಿ ಗಟ್ಟಿಯಾಗುತ್ತಾ?

ಧಾರವಾಡದ ಡಾಕ್ಟರು ಎಂಟಿಎ ಎಂಬ ಬಯೋಸೆರಾಮಿಕ್ ಸಿಮೆಂಟ್ ಹಾಕೋಣ ಅಂದಿದ್ದಾರೆ, ಬೇರಿನ ತುದಿ ಒದ್ದೆ ಇರುತ್ತಲ್ವಾ ಅಂತ ಕೇಳಿದ್ದೀರಿ. ಚಿಂತೆ ಬೇಡ, ಇದು ಗಟ್ಟಿಯಾಗಲು ನೀರೇ ಬೇಕು. ಇದರಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಸಿಲಿಕೇಟ್. ಹುಬ್ಬಳ್ಳಿಯಲ್ಲಿ ಮನೆ ಕಟ್ಟಲು ತರುವ ಸಿಮೆಂಟಿನಲ್ಲೂ ಅದೇ ಇರುತ್ತದೆ, ಆದರೆ ಇದು ತುಂಬಾ ಶುದ್ಧ, ಪುಡಿಯೂ ನುಣುಪು. ನೀರು ತಾಗಿದಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟಿ ಪಿಎಚ್ ಸುಮಾರು 12.5ಕ್ಕೆ ಏರುತ್ತದೆ, ಅಷ್ಟು ಕ್ಷಾರದಲ್ಲಿ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಕೀವು ಜಾಸ್ತಿ ಇದ್ದರೆ ಮಾತ್ರ ತೊಂದರೆ, ಕೀವಿರುವ ಜಾಗ ಆಮ್ಲೀಯವಾಗಿರುತ್ತದೆ, ಅದರಲ್ಲಿ ಸಿಮೆಂಟ್ ಬಲ ಕಳೆದುಕೊಳ್ಳುತ್ತದೆ. ಮೊದಲು ಬಂದ ಎಂಟಿಎ ಗಟ್ಟಿಯಾಗಲು ಎರಡೂಮುಕ್ಕಾಲು ಗಂಟೆ ಬೇಕು, ಇದೇ ಬಗೆಯ ಇನ್ನೊಂದು ಸಿಮೆಂಟ್ ಬಯೋಡೆಂಟಿನ್‌ಗೆ ಸುಮಾರು 12 ನಿಮಿಷ. ಬಾಯಿಯ ಮುಂಭಾಗದ ಹಲ್ಲಾದರೆ, ಎಕ್ಸ್‌ರೇಯಲ್ಲಿ ಕಾಣಲೆಂದು ಬೆರೆಸುವ ಬಿಸ್ಮತ್ ಆಕ್ಸೈಡ್ ಇಲ್ಲದ ಸಿಮೆಂಟನ್ನೇ ಕೇಳಿ, ಅದರಿಂದ ಹಲ್ಲು ಕಪ್ಪಾಗಬಹುದು.