ವಿನೈಲ್ ಟೈಲ್ ಏಳುತ್ತಿದ್ದರೆ ಅಂಟು ತರುವ ಮೊದಲು ಎರಡು ಟೈಲ್ ಬಿಚ್ಚಿ ನೋಡಿ

ಹಳೆ ಮೊಸಾಯಿಕ್ ನೆಲದ ಮೇಲೆ ವಿನೈಲ್ ಟೈಲ್ ಹಾಕಿಸಿ ಐದು ತಿಂಗಳೂ ಆಗಿಲ್ಲ, ಸಿಂಕ್ ಹತ್ತಿರ ಮೂಲೆಗಳು ಏಳುತ್ತಿವೆ, ಸಂದಿಗಳಲ್ಲಿ ಕಪ್ಪು ಅಂಟು ಹೊರಗೆ ಬರುತ್ತಿದೆ ಎಂದು ಬರೆದಿದ್ದೀರಿ. ಕಾಂಟ್ರಾಕ್ಟರ್ "ಸ್ವಲ್ಪ ಅಂಟು ಹಾಕಿ ಒತ್ತಿಬಿಡಿ ಸಾಕು" ಎನ್ನುತ್ತಿದ್ದಾರೆ. ರಿಪೇರಿ ಸಾಕಾ, ಪೂರ್ತಿ ಕಿತ್ತು ಹಾಕಬೇಕಾ ಅನ್ನುವುದು ನಿಮ್ಮ ಪ್ರಶ್ನೆ.

ದಯವಿಟ್ಟು ಈಗಲೇ ಅಂಟು ಹಾಕಬೇಡಿ. ಮೂಲೆ ಯಾಕೆ ಎದ್ದಿತು ಎಂಬುದು ಟೈಲಿನ ಅಡಿಯಲ್ಲೇ ಗೊತ್ತಾಗುತ್ತದೆ. ಮೇಲೆ ಹೊಸ ಅಂಟು ಸುರಿದರೆ ಆ ಗುರುತು ಅಳಿಸಿಹೋಗುತ್ತದೆ. ಅಡಿಯಲ್ಲಿ ನೀರಿದ್ದರೆ ಅದೂ ಒಳಗೇ ಉಳಿಯುತ್ತದೆ.

ಎರಡು ಟೈಲ್ ಬಿಚ್ಚಿ. ಒಂದು ಸಿಂಕ್ ಹತ್ತಿರದ್ದು, ಇನ್ನೊಂದು ನೀರೇ ಬೀಳದ ಕಡೆಯದ್ದು, ಫ್ರಿಜ್ ಪಕ್ಕದ್ದಾದರೂ ಆದೀತು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಅಂಟು ಮೆತ್ತಗಾಗುತ್ತದೆ. ಗೋಡೆಗೆ ಪುಟ್ಟಿ ಹಚ್ಚುವ ಬ್ಲೇಡನ್ನು ಅಡಿಗೆ ತೂರಿಸಿ ನಿಧಾನವಾಗಿ ಎತ್ತಿ. ಆಮೇಲೆ ಎರಡರ ಹಿಂಬದಿಯನ್ನೂ ನೆಲವನ್ನೂ ನೋಡಿ.

ಅಂಟೆಲ್ಲ ಟೈಲಿಗೇ ಹಿಡಿದುಕೊಂಡು ಬಂದು, ಅದರ ಮೇಲೆ ಬೂದು ಪುಡಿಯೋ ಜಿಡ್ಡೋ ಕಂಡರೆ ನೆಲವನ್ನು ಸರಿಯಾಗಿ ಕ್ಲೀನ್ ಮಾಡದೆ ಅಂಟಿಸಿದ್ದಾರೆ. ಅಂಟು ನೆಲದಲ್ಲೇ ಕರಣೆಯ ಗೆರೆ ಗೆರೆಯಾಗಿ ಒಣಗಿ ನಿಂತು, ಟೈಲಿನ ಹಿಂಬದಿ ಹೆಚ್ಚುಕಡಿಮೆ ಸ್ವಚ್ಛವಾಗಿದ್ದರೆ, ಅಂಟು ಒಣಗಿದ ಮೇಲೆ ಟೈಲ್ ಕೂರಿಸಿದ್ದಾರೆ, ಇಲ್ಲವೇ ಮೇಲೆ ರೋಲರ್ ಎಳೆದಿಲ್ಲ. ಅಂಟು ಹಾಲಿನ ಹಾಗೆ ಬೆಳ್ಳಗೆ, ಮೆತ್ತಗೆ ಆಗಿ ಮುಗ್ಗಲು ವಾಸನೆ ಬಂದರೆ ನೀರು ಹೋಗಿದೆ. ಸಂದಿಯಿಂದ ಅಂಟು ಉಕ್ಕುವುದು ಸಾಮಾನ್ಯವಾಗಿ ಜಾಸ್ತಿ ಸುರಿದದ್ದಕ್ಕೆ. ನೆಲದ ಕೊಳೆ ಹಿಡಿದು ಅದು ಕಪ್ಪಾಗುತ್ತದೆ.

ಕಪ್ಪು ಅಂಟು ಎಂದಿದ್ದಕ್ಕೆ ಒಂದು ಮಾತು. ನಿಮ್ಮದು ಹೊಸ ಕೆಲಸ, ಹೆದರಬೇಕಿಲ್ಲ. ಆದರೆ ಅಮೆರಿಕದಲ್ಲಿ ಹಳೆ ಮನೆ ಕೊಂಡ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ, 1980ಕ್ಕಿಂತ ಹಿಂದಿನ ಮನೆಯಲ್ಲಿ 9 ಇಂಚು ಚದರದ ಟೈಲ್, ಅಡಿಯಲ್ಲಿ ಕಪ್ಪು ಟಾರಿನಂಥ ಅಂಟು ಕಂಡರೆ ಕೆರೆಯಬೇಡಿ, ಉಜ್ಜಬೇಡಿ. ಅದರಲ್ಲಿ ಆಸ್‌ಬೆಸ್ಟಾಸ್, ಅಂದರೆ ಪುಡಿಯಾಗಿ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಅಪಾಯವಾಗುವ ನಾರು, ಇರುವ ಸಾಧ್ಯತೆ ಬಹಳ. ಮೊದಲು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ.

ಮೈಸೂರಿನ ನಮ್ಮ ಮನೆಯಲ್ಲಿ ಎಲ್ಲರೂ ಟೈಲನ್ನೇ ಬೈಯುತ್ತಿದ್ದರು. ಬಿಚ್ಚಿ ನೋಡಿದರೆ ಸಿಂಕ್ ಕೆಳಗಿನ ವೇಸ್ಟ್ ಪೈಪಿನ ಜಾಯಿಂಟ್ ತೊಟ್ಟಿಕ್ಕುತ್ತಿತ್ತು. ಕ್ಯಾಬಿನೆಟ್ ಹಿಂದಿನಿಂದ ನೀರು ಇಳಿದು ಟೈಲಿನ ಅಡಿಗೆ ಹರಿದಿತ್ತು. ಜಾಯಿಂಟಿನ ವಾಷರ್ ಬದಲಾಯಿಸದೆ ಎಷ್ಟು ಸಲ ಅಂಟಿಸಿದ್ದರೂ ಅದು ನಿಲ್ಲುತ್ತಿರಲಿಲ್ಲ. ಹಾಗಾಗಿ ನೀವೂ ಪೈಪಿನ ಸುತ್ತ ಒಣ ಟಿಶ್ಯೂ ಸುತ್ತಿ ಒಂದು ರಾತ್ರಿ ಬಿಟ್ಟು ನೋಡಿ.

ನೆಲಮಹಡಿಯ ಮನೆಯಾದರೆ ಇನ್ನೊಂದು ಪರೀಕ್ಷೆ ಬೇಕು. ಟೈಲ್ ಬಿಚ್ಚಿದ ಜಾಗ ಒಣಗಿದ ಮೇಲೆ ಒಂದೂವರೆ ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಮುಚ್ಚಿ. ಮಾರನೇ ದಿನ ತೆಗೆದಾಗ ಒಳಗೆ ನೀರಿನ ಹನಿ ಇದ್ದರೆ, ನೆಲ ಕಪ್ಪಗಾಗಿದ್ದರೆ, ಕೆಳಗಿನಿಂದ ತೇವ ಏರುತ್ತಿದೆ. ಅದನ್ನು ನಿಲ್ಲಿಸದೆ ಅಂಟಿಸುವ ವಿನೈಲ್ ಅಲ್ಲಿಗೆ ಬೇಡವೇ ಬೇಡ.

ಮೊಸಾಯಿಕ್ ಮೇಲೆ ಅಂಟು ಹಿಡಿಯದಿರುವುದಕ್ಕೆ ಸಾಮಾನ್ಯ ಕಾರಣ ಪಾಲಿಶ್. ಆ ನೆಲಕ್ಕೆ ಮೇಣ ಹಚ್ಚಿ ಹೊಳಪು ಕೊಟ್ಟಿರುತ್ತಾರೆ. ಅದರ ಮೇಲೆ ಎಷ್ಟೋ ವರ್ಷದ ಒಗ್ಗರಣೆಯ ಜಿಡ್ಡು ಕೂತಿರುತ್ತದೆ. ಬರೀ ಸೋಪು ನೀರಿಗೆ ಅದು ಹೋಗುವುದಿಲ್ಲ, ಮೆಷಿನ್ ಹಾಕಿ ಉಜ್ಜಿಸಬೇಕು. ನೆಲದ ಮಟ್ಟವೂ ಮುಖ್ಯ. ಗಾರೆಯವರ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿ. ಆರಡಿಗೆ 3 ಮಿಲಿಮೀಟರಿಗಿಂತ ಜಾಸ್ತಿ ತಗ್ಗು ಇದ್ದರೆ ಮೊದಲು ಮಟ್ಟ ಮಾಡಬೇಕಿತ್ತು. ವಿನೈಲ್ ಚಪಾತಿ ಹಿಟ್ಟಿನಂತೆ, ಅಡಿಯಲ್ಲಿರುವ ಪ್ರತಿ ಗುಂಡಿಯನ್ನೂ ಗೆರೆಯನ್ನೂ ಮೇಲಕ್ಕೆ ತೋರಿಸುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಣ ಜಾಗದ ಟೈಲ್ ಗಟ್ಟಿಯಾಗಿ ಹಿಡಿದಿದ್ದು ಸಿಂಕ್ ಬಳಿಯದ್ದು ಮಾತ್ರ ಹಾಳಾಗಿದ್ದರೆ, ಲೀಕ್ ನಿಲ್ಲಿಸಿ ಅಷ್ಟನ್ನೇ ಬದಲಾಯಿಸಿ. ಒಣ ಜಾಗದ್ದೂ ಸುಲಭವಾಗಿ ಕೈಗೆ ಬಂದುಬಿಟ್ಟರೆ ಪೂರ್ತಿ ಕೀಳಿಸಿ. ಅರ್ಧಂಬರ್ಧ ರಿಪೇರಿಗೆ ದುಡ್ಡು ಹಾಕಬೇಡಿ. ಸಡಿಲ ವಿನೈಲ್ ಮೇಲೆ ಸೆರಾಮಿಕ್ ಟೈಲ್ ಹಾಕಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೂ ಒಪ್ಪಬೇಡಿ. ಅಡಿ ಅಲುಗಾಡಿದರೆ ಮೇಲಿನದ್ದು ಬಿರಿಯುತ್ತದೆ.

ನೆಲದ ಮೇಲೆ ಉಳಿದ ಅಂಟನ್ನು ಟರ್ಪೆಂಟೈನ್‌ನಲ್ಲಿ ನೆನೆಸಿದ ಬಟ್ಟೆಯಿಂದ ತೆಗೆಯಬಹುದು. ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ, ಕಲೆ ಬಿದ್ದರೆ ನಿಲ್ಲಿಸಿ. ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆಗೆದಿಡಿ. ಒಲೆಯೂ ಬೇಡ, ದೇವರ ದೀಪವೂ ಬೇಡ. ಪೆಟ್ರೋಲ್ ಅಂತೂ ಮುಟ್ಟಲೇಬೇಡಿ. ಕೆಲಸದವರು ಬೇಗ ಆಗುತ್ತೆ ಅಂತ ತಂದರೂ ವಾಪಸ್ ಕಳಿಸಿ.

ನನ್ನನ್ನು ಕೇಳಿದರೆ, ಮೊಸಾಯಿಕ್ ಚೆನ್ನಾಗಿದ್ದರೆ ಅದನ್ನೇ ಮತ್ತೆ ಪಾಲಿಶ್ ಮಾಡಿಸಿ ಬಿಟ್ಟುಬಿಡಿ. ನಮ್ಮ ಅಡುಗೆಮನೆಯಲ್ಲಿ ನೀರು ಸುರಿದು ತೊಳೆಯುತ್ತೇವೆ, ಬಿಸಿ ಕುಕ್ಕರ್ ಕೆಳಗಿಡುತ್ತೇವೆ, ಗ್ರೈಂಡರ್ ಎಳೆಯುತ್ತೇವೆ. ಇದೆಲ್ಲ ತಡೆದುಕೊಳ್ಳುವುದು ಆ ಹಳೆ ನೆಲವೇ. ವಿನೈಲ್ ಕಾಲಿಗೆ ಹಿತ, ನಿಜ. ಆದರೆ ಬಿಸಿ ಪಾತ್ರೆ ಇಟ್ಟರೆ ಸುಟ್ಟ ಗುರುತು ಉಳಿಯುತ್ತದೆ.

ಆದರೂ ವಿನೈಲೇ ಬೇಕು ಎಂದಾದರೆ, ಟೈಲ್ ಪೆಟ್ಟಿಗೆಗಳನ್ನು 48 ಗಂಟೆ ಅದೇ ಕೋಣೆಯಲ್ಲಿ ಇಡಿಸಿ. ನೆಲಕ್ಕೆ ಪ್ರೈಮರ್, ಮಟ್ಟ ಮಾಡುವ ಕಾಂಪೌಂಡ್, ಅದು ಒಣಗಿದ ಮೇಲೆ ಅಂಟು. ಅಂಟಿನ ಡಬ್ಬಿಯ ಮೇಲೆ ಯಾವ ಹಲ್ಲಿನ ಕರಣೆ, ಎಷ್ಟು ಹೊತ್ತು ಕಾಯಬೇಕು ಎಂದು ಬರೆದಿರುತ್ತದೆ. ಕೆಲಸದವರ ಮುಂದೆ ನಿಂತು ಓದಿ ಹೇಳಿ. ಕೊನೆಗೆ ಸುಮಾರು 45 ಕಿಲೋ ತೂಕದ ರೋಲರ್ ಎಳೆಯಬೇಕು, ಕೈಯಲ್ಲಿ ತಟ್ಟಿದರೆ ಸಾಲದು. ಗೋಡೆಯಂಚಿಗೂ ಸಿಂಕ್ ಕೆಳಗೂ ಸಿಲಿಕಾನ್ ಹಾಕಿಸಿ. ರಬ್ಬರ್ ತಳದ ಮ್ಯಾಟ್ ಹಾಕಬೇಡಿ, ವಿನೈಲಿಗೆ ಹಳದಿ ಕಲೆ ಬೀಳುತ್ತದೆ, ಅದು ಹೋಗುವುದಿಲ್ಲ. ತುಂಬಿದ ಸಿಲಿಂಡರ್ ಸುಮಾರು 30 ಕಿಲೋ ಇರುತ್ತದೆ. ಅದನ್ನು ಎಳೆದಾಡಿದರೆ ಟೈಲ್ ಜರುಗುತ್ತದೆ, ಚಕ್ರದ ಸ್ಟ್ಯಾಂಡ್ ಇಡಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಎದ್ದ ಮೂಲೆಗಳಿಗೆ ಇವತ್ತೇ ಅಗಲ ಟೇಪ್ ಹಾಕಿ. ಎಡವಿ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಓಡಾಡುವುದು ಅವರಿಗೆ ಬಹಳ ಕಷ್ಟ.

ಕಾಂಟ್ರಾಕ್ಟರ್ ವಿಷಯ. ಏನನ್ನಾದರೂ ಕೀಳುವ ಮೊದಲು ಫೋಟೊ, ವಿಡಿಯೊ ತೆಗೆದಿಡಿ, ಬಿಲ್ ಜೋಪಾನವಾಗಿಡಿ. ಬಾಯಿಮಾತು ಬೇಡ. ಏನು ತಪ್ಪಾಗಿದೆ, ಯಾವ ದಿನದೊಳಗೆ ಸರಿ ಮಾಡಬೇಕು ಎಂದು ವಾಟ್ಸಾಪ್‌ನಲ್ಲೋ ಪತ್ರದಲ್ಲೋ ಬರೆದು ಕಳಿಸಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರಿಲ್ಲದೆ ನೀವೇ ಹೋಗಬಹುದು.