ಶಿರಸಿಯೋ ಕಾರವಾರವೋ? ಎರಡೂ ಕಡೆ ಬೇರಿರುವವನ ಉತ್ತರ

ನಿಮ್ಮ ಪ್ರಶ್ನೆ: "ಉತ್ತರ ಕನ್ನಡಕ್ಕೆ ವರ್ಗವಾಗಿದೆ. ಕಾರವಾರ ಅಥವಾ ಶಿರಸಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ವಿಚಾರಿಸಿದರೆ ಅವರು ಇವರ ಊರನ್ನು ಹಳಿಯುತ್ತಾರೆ, ಇವರು ಅವರ ಊರನ್ನು. ಶಿರಸಿಯವರಂತೂ ಪ್ರತ್ಯೇಕ ಜಿಲ್ಲೆಯನ್ನೇ ಕೇಳುತ್ತಿದ್ದಾರೆ. ಏನಿದು ಜಿದ್ದು? ಯಾವ ಊರು ವಾಸಿ?"

ನಾನು ಹುಟ್ಟಿದ್ದು ಶಿರಸಿ ತಾಲೂಕಿನ ಹಳ್ಳಿಯಲ್ಲಿ. ನೌಕರಿ, ಸಂಸಾರ ಎಲ್ಲ ಕಾರವಾರದಲ್ಲಿ. ಹಾಗಾಗಿ ಘಟ್ಟದ ಮೇಲಿನ ಶಿರಸಿಯ ಮಾತು, ಕೆಳಗಿನ ಕಾರವಾರದ ಮಾತು ಎರಡೂ ದಿನನಿತ್ಯ ಕಿವಿಗೆ ಬೀಳುತ್ತವೆ. ಶಿರಸಿಯನ್ನು ಬೆಳೆಸಿದ್ದು ತೋಟದ ದುಡ್ಡು, ಕಾರವಾರವನ್ನು ಬೆಳೆಸಿದ್ದು ಸರ್ಕಾರ. ಜಿದ್ದಿನ ಬೇರು ಅಲ್ಲಿದೆ ಎಂದು ನನಗೆ ಅನಿಸುತ್ತದೆ.

ಶಿರಸಿಗೆ ರೈಲಿಲ್ಲ, ಬಂದರಿಲ್ಲ, ದೊಡ್ಡ ಕಾರ್ಖಾನೆಯಿಲ್ಲ. ಆದರೂ ಮಂಗಳವಾರದ ಸಂತೆಯ ದಿನ ಐದು ರಸ್ತೆ ಸರ್ಕಲ್ ದಾಟಿ ನೋಡಿ, ಸುತ್ತಲಿನ ನಾಲ್ಕೈದು ತಾಲೂಕುಗಳ ಜನ ಅಲ್ಲಿರುತ್ತಾರೆ. ಅಡಿಕೆ ಟೆಂಡರಿನಲ್ಲಿ ಚಾಲಿಗೆ (ಒಣಗಿಸಿ ಸುಲಿದ ಅಡಿಕೆ), ರಾಶಿಗೆ (ಬೇಯಿಸಿದ ಕೆಂಪಡಿಕೆ) ಎಷ್ಟು ದರ ಬಿತ್ತು ಎನ್ನುವುದರ ಮೇಲೆ ಆ ವಾರ ಬಟ್ಟೆ ಅಂಗಡಿಯಿಂದ ಬೈಕ್ ಶೋರೂಮಿನವರೆಗೆ ಎಲ್ಲರ ವ್ಯಾಪಾರ ನಿಂತಿರುತ್ತದೆ. 1923ರಲ್ಲಿ ಅಡಿಕೆ ಬೆಳೆಗಾರರೇ ಕಟ್ಟಿಕೊಂಡ ತೋಟಗಾರರ ಸೊಸೈಟಿ, ಅಂದರೆ ಟಿಎಸ್‌ಎಸ್, ನೂರು ವರ್ಷ ದಾಟಿದೆ. ನಮ್ಮ ಕಡೆ ಬೆಳೆ ಮಾರುವುದು, ಸಾಲ ಎತ್ತುವುದು, ಮನೆಗೆ ಕಿರಾಣಿ ತರುವುದು ಎಲ್ಲವೂ ಇಂಥ ಸೊಸೈಟಿಗಳ ಬಾಗಿಲಲ್ಲೇ. ಶಿರಸಿಯವರಿಗೆ ತಮ್ಮೂರಿನ ಮೇಲೆ ಅಷ್ಟು ಅಭಿಮಾನ ಇರುವುದು ಇದರಿಂದಲೇ: ಊರನ್ನು ತಾವು ಬೆಳೆಸಿದ್ದೇವೆ, ಯಾರೂ ತಂದುಕೊಟ್ಟದ್ದಲ್ಲ ಎಂಬ ಭಾವನೆ. ಅದು ಸುಳ್ಳೂ ಅಲ್ಲ.

ಈಗ ಊರು ಬೆಳೆಯುತ್ತಿರುವ ರೀತಿ ಮಾತ್ರ ನನಗೆ ಸಂಕಟ ತರುತ್ತದೆ. ಹಳ್ಳಿಗಳಲ್ಲಿ ಮಕ್ಕಳು ಬೆಂಗಳೂರು ಸೇರಿದ್ದಾರೆ, ತೋಟದ ಮನೆಯಲ್ಲಿ ಉಳಿದವರು ಅಪ್ಪ-ಅಮ್ಮ. ಇದ್ದವರೂ ಮೊಮ್ಮಕ್ಕಳ ಶಾಲೆಗೆಂದು, ಆಸ್ಪತ್ರೆ ಹತ್ತಿರವಿರಲೆಂದು ಪೇಟೆಯಲ್ಲೊಂದು ಮನೆ ಮಾಡುತ್ತಾರೆ. ಬನವಾಸಿ ರಸ್ತೆ, ಯಲ್ಲಾಪುರ ರಸ್ತೆ, ಹುಬ್ಬಳ್ಳಿ ರಸ್ತೆ, ಎತ್ತ ಹೋದರೂ ಹೊಸ ಲೇಔಟು. ಪೇಟೆಗೆ ನೀರೆತ್ತುವ ಜಾಗ ಮಾತ್ರ ಅದೇ ಕೆಂಗ್ರೆ, ಅದೇ ಮಾರಿಗದ್ದೆ. ಏಪ್ರಿಲ್ ಬಂತೆಂದರೆ ಹೊಳೆಯ ಹರಿವು ಕುಗ್ಗುತ್ತದೆ, ನಲ್ಲಿ ನೀರು ಬರುವ ದಿನಗಳ ನಡುವಿನ ಅಂತರ ಹಿಗ್ಗುತ್ತದೆ. ಇಷ್ಟು ಮಳೆ ಸುರಿಯುವ ಮಲೆನಾಡಿನಲ್ಲಿ ಈ ಸ್ಥಿತಿ. 1983ರಲ್ಲಿ ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿ ಶುರುಮಾಡಿದ ಸಾಲ್ಕಣಿ ಇದೇ ತಾಲೂಕಿನದು. ಆ ಎಚ್ಚರ ಪೇಟೆಯ ಅಂಚಿನ ಕೆರೆ-ಬೆಟ್ಟಗಳ ವಿಷಯದಲ್ಲೂ ಬೇಕು ಎಂದು ಊರಿಗೆ ಹೋದಾಗಲೆಲ್ಲ ಹೇಳುತ್ತಲೇ ಇರುತ್ತೇನೆ.

ಕಾರವಾರದ ಕಥೆ ಬೇರೆ. 1862ರಲ್ಲಿ ಈ ಸೀಮೆ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ ಮೇಲೆ ಇಲ್ಲಿ ಕಚೇರಿ, ಕೋರ್ಟು, ಬಂದರು ಬಂದವು. ರವೀಂದ್ರನಾಥ ಟ್ಯಾಗೋರರು ಹರೆಯದಲ್ಲಿ ಇಲ್ಲಿಗೆ ಬಂದದ್ದು ಅವರ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು ಎಂದು. ಮುಂದೆ ಬಂದದ್ದೂ ಸರ್ಕಾರದ್ದೇ. ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣು ವಿದ್ಯುತ್ ಘಟಕಗಳು. 1986ರಲ್ಲಿ ಅಡಿಗಲ್ಲು ಹಾಕಿಸಿಕೊಂಡು 2005ರಲ್ಲಿ ಕಾರ್ಯಾರಂಭ ಮಾಡಿದ ಸೀಬರ್ಡ್ ನೌಕಾನೆಲೆ.

ಘಟ್ಟದ ಮೇಲಿನವರು ಇದನ್ನೆಲ್ಲ ನೋಡಿ, "ಕಾರವಾರಕ್ಕೆ ಏನು ಕಮ್ಮಿ, ಎಲ್ಲ ಅಲ್ಲಿಗೇ ಬಂತಲ್ಲ" ಎನ್ನುತ್ತಾರೆ. ಅದಕ್ಕೆ ಕಾರವಾರದವರು ಏನು ಕೊಟ್ಟರು ಎನ್ನುವುದನ್ನು ಅವರು ನೋಡುವುದಿಲ್ಲ. ಬಿಣಗಾ ದಾಟಿದ ಮೇಲೆ ಅರಗಾ, ಚೆಂಡಿಯಾ ಕಡೆಯ ಕಡಲತೀರ ನೌಕಾನೆಲೆಯ ಬೇಲಿಯೊಳಗೆ ಹೋಯಿತು. ಮನೆ, ಗದ್ದೆ, ದೋಣಿ ಎಳೆಯುವ ಜಾಗ ಬಿಟ್ಟುಕೊಟ್ಟ ಕುಟುಂಬಗಳು ಹೆಚ್ಚಿನ ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟಿಗೆ ಅಲೆದವು. ಕೈಗಾದವರ ವಸತಿ ಮಲ್ಲಾಪುರದಲ್ಲಿ, ನೌಕಾಪಡೆಯವರದು ಅವರದೇ ಕಾಲೊನಿಯಲ್ಲಿ. ಅಂಗಡಿ, ಶಾಲೆ ಎಲ್ಲ ಒಳಗೇ ಇರುವಾಗ ಪೇಟೆಗೆ ಇಳಿಯುವ ದುಡ್ಡು ಎಷ್ಟು? ಇಲ್ಲಿನ ಹುಡುಗರು ಇವತ್ತಿಗೂ ಬೆಳಗಿನ ರೈಲು ಹಿಡಿದು ಗೋವಾಕ್ಕೆ ದುಡಿಯಲು ಹೋಗುತ್ತಾರೆ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಕೆಲಸ ಪೇಟೆಯೆದುರಿನ ತೀರಕ್ಕೇ ಬಂದಾಗ ಮೀನುಗಾರರು, ಅದರಲ್ಲೂ ಹೆಂಗಸರು, ನೀರಿಗಿಳಿದು ತಡೆದರು. ಉಳಿದಿರುವ ಈ ಒಂದು ತೀರವನ್ನಾದರೂ ಬಿಡಿ ಎಂಬುದು ಅವರ ಮೊರೆ. ಅವರ ಪರವಾಗಿ ನಾನು ಘಟ್ಟದ ಮೇಲೂ ವಾದ ಮಾಡಿದ್ದೇನೆ.

ಇನ್ನು ಜಿಲ್ಲೆಯ ವಿಚಾರ. ನಮ್ಮದು 10,291 ಚದರ ಕಿಲೋಮೀಟರಿನ, 12 ತಾಲೂಕುಗಳ ಜಿಲ್ಲೆ. ಜಿಲ್ಲಾ ಕೇಂದ್ರ ಇರುವುದು ಗೋವಾ ಗಡಿಗೆ ಅಂಟಿಕೊಂಡ ಮೂಲೆಯಲ್ಲಿ. ಶಿರಸಿಯಿಂದ ಸುಮಾರು 120 ಕಿಲೋಮೀಟರ್, ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಬರಬೇಕು. ಮಳೆಗಾಲದಲ್ಲಿ ಗುಡ್ಡ ಜರಿಯಿತೆಂದರೆ ಸುತ್ತುಬಳಸು ದಾರಿ. ಬನವಾಸಿಯವರು ಮೊದಲು ಶಿರಸಿಗೆ ಬಂದು ಆಮೇಲೆ ಇಷ್ಟೆಲ್ಲ ದಾರಿ ಸವೆಸಬೇಕು. ನಮ್ಮ ಮಾವ ಒಮ್ಮೆ ಜಮೀನಿನ ಕಾಗದಕ್ಕೆಂದು ಬಂದು, ಸಾಹೇಬರು ಮೀಟಿಂಗಿನಲ್ಲಿದ್ದಾರೆಂದು ಸಂಜೆಯವರೆಗೆ ಕಾದು ನಮ್ಮನೆಗೆ ಬಂದರು. "ಒಂದು ಸಹಿ ಹಾಕ್ಸ್ಕ್ಯಂಡು ಬಪ್ಪಲೆ ಇಡೀ ದಿನ ಹೋತು ತಮಾ" ಎಂದರು. ಆ ದಣಿವಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಆದ್ದರಿಂದ ಶಿರಸಿ ಜಿಲ್ಲೆಯಾಗಬೇಕು ಎಂಬುದೇ ನನ್ನ ನಿಲುವು. ಅರ್ಧ ಆಡಳಿತ ಈಗಾಗಲೇ ಹಾಗೇ ನಡೆಯುತ್ತಿದೆ: ಶಿಕ್ಷಣ ಇಲಾಖೆಯಲ್ಲಿ ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ, ಗಾಡಿಗಳ ನೋಂದಣಿಯಲ್ಲಿ ಕಾರವಾರ ಕೆಎ-30, ಶಿರಸಿ ಕೆಎ-31. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಬೇರೆಯಾದಾಗ ಮಂಗಳೂರು ಬಡವಾಗಲಿಲ್ಲ. ಕಾರವಾರದ ನನ್ನ ಸಹೋದ್ಯೋಗಿಗಳಿಗೆ ಇದು ನೋಯುತ್ತದೆ. "ಮಂತ್ರಿಗಳು, ಎಂಪಿಗಳು ಹೆಚ್ಚಾಗಿ ನಿಮ್ಮ ಕಡೆಯವರೇ. ಈಗ ಜಿಲ್ಲೆಯೂ ಬೇಕಾ?" ಎಂದು ಕೇಳುತ್ತಾರೆ. ಕೇಳುವುದರಲ್ಲಿ ಹುರುಳಿದೆ. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ಸಿದ್ದಾಪುರದವರು, ಮಂತ್ರಿಯಾಗಿದ್ದ ಆರ್.ವಿ. ದೇಶಪಾಂಡೆಯವರು ಹಳಿಯಾಳದವರು, ವಿಧಾನಸಭೆಯ ಸ್ಪೀಕರ್ ಆಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಶಿರಸಿಯವರು.

ಶಿರಸಿಯ ಹೋರಾಟಗಾರರೂ ಒಂದು ಮಾತು ಕೇಳಿಸಿಕೊಳ್ಳಬೇಕು. ಘಟ್ಟದ ಮೇಲಿನ ತಾಲೂಕುಗಳೆಲ್ಲ ತಮ್ಮ ಹಿಂದಿವೆ ಎಂದುಕೊಳ್ಳುವುದು ಸರಿಯಲ್ಲ. ಜೋಯಿಡಾದವರಿಗೆ ಅಣಶಿ ಘಟ್ಟ ಇಳಿದರೆ ಕಾರವಾರವೇ ಸಿಗುತ್ತದೆ. ಹಳಿಯಾಳ, ದಾಂಡೇಲಿಯವರ ವ್ಯವಹಾರ ಧಾರವಾಡದ ಕಡೆ. ಅವರನ್ನು ಕೇಳದೆ ನಕಾಶೆಯ ಮೇಲೆ ಗೆರೆ ಎಳೆದರೆ ಕಾರವಾರದ ಮೇಲೆ ನಾವು ಹೊರಿಸುವ ದೂರನ್ನೇ ನಾಳೆ ಅವರು ನಮ್ಮ ಮೇಲೆ ಹೊರಿಸುತ್ತಾರೆ. ಅತ್ತ ಭಟ್ಕಳದವರು ಕರಾವಳಿಯವರೇ ಆದರೂ ಕಾರವಾರ ಶಿರಸಿಯವರಿಗೆ ಎಷ್ಟು ದೂರವೋ ಅವರಿಗೂ ಅಷ್ಟೇ ದೂರ. ಅವರ ಕಷ್ಟವನ್ನು ಎತ್ತಿ ಆಡುವವರೇ ಇಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಕಾರವಾರದಲ್ಲಿ ಸಂಜೆ ಕಡಲಿದೆ, ತಾಜಾ ಬಾಂಗಡೆ ಇದೆ, ರವಿವಾರದ ಸಂತೆ ಇದೆ, ಕೊಂಕಣ ರೈಲ್ವೆ ಇದೆ, ಕಿವಿಗೆ ಕನ್ನಡದಷ್ಟೇ ಕೊಂಕಣಿ ಬೀಳುತ್ತದೆ. ಸೆಕೆ ವಿಪರೀತ. ಶಿರಸಿಯಲ್ಲಿ ಹವೆ ತಂಪು, ಒಳ್ಳೆಯ ಶಾಲೆಗಳಿವೆ, ಚಳಿಗಾಲ ಬಂತೆಂದರೆ ಎಲ್ಲಾದರೊಂದು ಕಡೆ ಯಕ್ಷಗಾನವೋ ಸಂಗೀತವೋ ಇದ್ದೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ, ಆಗ ಜಾತ್ರೆ ನೆರೆಯುವ ಬಿಡ್ಕಿ ಬಯಲಿನ ಸುತ್ತ ಬಾಡಿಗೆ ಮನೆ ಹಿಡಿಯಬೇಡಿ, ಮಕ್ಕಳಿಗೆ ನಿದ್ದೆ ಬಾರದು.

ಮನೆಯಲ್ಲಿ ವಯಸ್ಸಾದವರಿದ್ದರೆ ಇದೆಲ್ಲಕ್ಕಿಂತ ಮೊದಲು ಆಸ್ಪತ್ರೆ ಯೋಚಿಸಿ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ. ಆದರೂ ಹೃದಯಕ್ಕೋ ಮಿದುಳಿಗೋ ತುರ್ತು ಬಂದರೆ ಇಲ್ಲಿಂದ ಗೋವಾಕ್ಕೋ ಮಣಿಪಾಲಕ್ಕೋ, ಶಿರಸಿಯಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುವುದು ಇಂದಿಗೂ ತಪ್ಪಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಘಟ್ಟದ ಮೇಲಿನವರೂ ಕೆಳಗಿನವರೂ ಒಟ್ಟಾಗಿ ಕೂಗಿದ್ದೇವೆ. ಅದು ಎಲ್ಲಿ ಆಗಬೇಕು, ಕುಮಟಾದಲ್ಲೋ ಕಾರವಾರದಲ್ಲೋ ಶಿರಸಿಯಲ್ಲೋ ಎಂಬ ಮಾತು ಬಂದಾಗ ಮತ್ತೆ ಬೇರೆಬೇರೆಯಾಗುತ್ತೇವೆ. ನನ್ನನ್ನು ಕೇಳಿದರೆ ಕುಮಟಾದಲ್ಲಾಗಲಿ. ಘಟ್ಟ ಇಳಿದವರಿಗೂ ಹೆದ್ದಾರಿಯಲ್ಲಿ ಬಂದವರಿಗೂ ಅದೇ ನಡು. ನಿಮಗೆ ಮಾತ್ರ ಅಲ್ಲಿಯವರೆಗೆ ಕಾಯುವಂತಿಲ್ಲ. ನಿಮ್ಮ ಹಿರಿಯರ ವೈದ್ಯರು ಹುಬ್ಬಳ್ಳಿಯಲ್ಲಿದ್ದರೆ ಶಿರಸಿ ಆರಿಸಿಕೊಳ್ಳಿ, ಗೋವಾದ ಆಸ್ಪತ್ರೆಗಳು ಅನುಕೂಲವೆನಿಸಿದರೆ ಕಾರವಾರಕ್ಕೆ ಬನ್ನಿ. ಕಾರವಾರಕ್ಕೇ ಬರುವುದಾದರೆ ತಿಳಿಸಿ, ಕಾಜುಬಾಗ, ಕೋಡಿಬಾಗ ಕಡೆ ಮಳೆಗಾಲದಲ್ಲಿ ನೀರು ನಿಲ್ಲದ ಓಣಿ ಯಾವುದೆಂದು ಹೇಳುತ್ತೇನೆ.